ಏರದ ಹೊಳೆಯ ಸಂದೇಶ

ಹೊಳೆದಂಡೆಯ ಮಠದಲ್ಲಿ ಮರುಳಯ್ಯಜ್ಜ ಇದ್ದರು. ಸನ್ಯಾಸಕ್ಕೆ ಮೊದಲು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದವರು. ಈಗ ಬಂದವರಿಗೆ ಕಂಪ್ಯೂಟರ್ ಕಲಿಸುತ್ತಿದ್ದರು.

ಶಿಷ್ಯೆ ಹುಲಿಗೆಮ್ಮ ಮೀನುಗಾರರ ಮಗಳು. ಹಿಂದಿನ ವರ್ಷ ದಿಢೀರನೆ ಬಂದ ನೀರಿನಲ್ಲಿ ಅವಳ ಅಣ್ಣನ ಹರಿಗೋಲು ಮಗುಚಿತ್ತು. ಅಣ್ಣ ಸಿಗಲಿಲ್ಲ.

ಅವಳು ಒಂದು ಕೋಡ್ ಬರೆದಳು. ಹೊಳೆಯ ಮೇಲ್ಭಾಗದ ಸೇತುವೆಯಲ್ಲಿ ನೀರಿನ ಮಟ್ಟ ನೋಡುವ ಅಳತೆಯಂತ್ರದಿಂದ ಸಂದೇಶ ಬಂದಾಗ ಮಾತ್ರ ಅದು ಏಳುತ್ತದೆ. ನೀರು ಗುರುತು ದಾಟಿದ್ದರೆ ಕೇರಿಯ ಸೈರನ್ ಕೂಗಿಸುತ್ತದೆ.

"ಮುಗೀತ್ರಿ ಅಜ್ಜಾರ."

"ಕೂಗಿದ್ದು ನೋಡೀಯೇನು?"

"ಹೊಳಿ ಏರಿಲ್ಲಲ್ರಿ. ಏರಿದ ದಿನ ಕೂಗ್ತೈತಿ."

"ಅಂದ್ರ ನಿನ್ನ ತಪ್ಪು ಮೊದಲು ಗೊತ್ತಾಗೋದು ಹರಿಗೋಲಿನ್ಯಾಗ ಕುಂತೋರಿಗೆ."

ಹುಲಿಗೆಮ್ಮನಿಗೆ ಸಿಟ್ಟು ಬಂತು. "ತಪ್ಪಿಲ್ರಿ. ಹತ್ತು ಸಲ ಓದೀನಿ."

"ಓದಿದಾಕಿ ನೀನು. ಓಡಬೇಕಾದ್ದು ಅದು."

ಅಜ್ಜ ಲ್ಯಾಪ್‌ಟಾಪ್ ಎಳೆದುಕೊಂಡು ಆಜ್ಞೆ ಬರೆಯುವ ಕಪ್ಪು ಕಿಟಕಿ ತೆರೆದರು. ಅಳತೆಯಂತ್ರ ಕಳಿಸುವಂಥದೇ ಸಂದೇಶವನ್ನು ಒಂದು ಫೈಲಿನಲ್ಲಿ ಬರೆದರು: ಸೇತುವೆಯ ಹೆಸರು, ಹೊತ್ತು, ಗುರುತು ದಾಟಿದ ನೀರಿನ ಮಟ್ಟ. ಆಮೇಲೆ ಆ ಫೈಲನ್ನು ಕೋಡಿಗೆ ಉಣಿಸುವ ಒಂದೇ ಸಾಲಿನ ಆಜ್ಞೆ ಕೊಟ್ಟರು.

ಸಂದೇಶ ಸೇತುವೆಯಿಂದಲೇ ಬಂತೆಂದುಕೊಂಡು ಕೋಡ್ ಎದ್ದಿತು. ಸೈರನ್ ಇನ್ನೂ ಜೋಡಿಸಿರಲಿಲ್ಲ; ಅದರ ಬದಲು ಪರದೆಯ ಮೇಲೆ 'ಕೂಗು' ಎಂದು ಮೂಡಿತು.

"ನಾ ಹೇಳಿರಲಿಲ್ಲೇನ್ರಿ?" ಎಂದಳು ಹುಲಿಗೆಮ್ಮ.

ಅಜ್ಜ ಫೈಲಿನಲ್ಲಿ ನೀರಿನ ಮಟ್ಟವನ್ನು ಅಳಿಸಿ, ಅದೇ ಆಜ್ಞೆಯನ್ನು ಮತ್ತೆ ಕೊಟ್ಟರು.

ಕೋಡ್ ಎದ್ದಿತು, ಸತ್ತಿತು. 'ಕೂಗು' ಇಲ್ಲ, ತಪ್ಪಾಯಿತೆಂಬ ದೂರೂ ಇಲ್ಲ.

"ಅಳತೆ ಇಲ್ಲದ ಸಂದೇಶ ಯಾಕ ಬರ್ತೈತ್ರಿ?"

"ಪ್ರವಾಹದಾಗ ಯಂತ್ರನೂ ಮುಳುಗ್ತೈತಿ."

ಅವಳು ಲ್ಯಾಪ್‌ಟಾಪ್ ತನ್ನ ಕಡೆ ಎಳೆದುಕೊಂಡು ತಾನೇ ಸಂದೇಶಗಳನ್ನು ಬರೆಯತೊಡಗಿದಳು. ಎರಡೆರಡು ಸಲ ಬರುವಂಥವು, ತಡವಾಗಿ ಬರುವಂಥವು, ಅರ್ಧಕ್ಕೆ ಕಡಿದಂಥವು. ಒಂದೊಂದನ್ನೂ ಕೋಡಿಗೆ ಕೊಟ್ಟಳು. ಕೆಲವಕ್ಕೆ ಅದು ಸರಿಯಾಗಿ ಕೂಗಿತು. ಹಲವಕ್ಕೆ ಸತ್ತಿತು. ಬೈದುಕೊಂಡೇ ತಿದ್ದಿದಳು.

ನಾಲ್ಕನೇ ದಿನ ಜೀಪು ಬಂತು. ಕೇರಿಗೆ ಸೈರನ್ ಹಾಕಿಸಿದ ಇಲಾಖೆಯ ಸಾಹೇಬರು ಇಳಿದರು.

"ನಾಳೆ ಮಂತ್ರಿಗಳು ಸೈರನ್ ಉದ್ಘಾಟಿಸ್ತಾರೆ. ಇವತ್ತೇ ನಿನ್ನ ಕೋಡ್ ಅದಕ್ಕೆ ಜೋಡಿಸಮ್ಮ."

"ಆಗಂಗಿಲ್ರಿ. ಇನ್ನೂ ಮೂರು ಕಡೆ ಸಾಯ್ತೈತಿ."

"ನಾಳೆ ಒಂದು ಸಲ ಕೂಗಿದರೆ ಸಾಕು. ಆಮೇಲೆ ನಿಧಾನಕ್ಕೆ ಸರಿಮಾಡ್ಕೊ."

"ಒಂದು ಸಲ ಕೂಗಿದ್ರ ನಮ್ಮ ಮಂದಿ ನಂಬ್ತಾರ್ರಿ. ನಂಬಿ ಹೊಳಿಗೆ ಇಳೀತಾರ. ನಾ ಜೋಡ್ಸಂಗಿಲ್ಲ."

"ಇಲ್ಲ ಅನ್ನೋಕೆ ನೀನ್ಯಾರು?"

"ಇದನ್ನ ಬರದಾಕಿ." ಅವಳು ಲ್ಯಾಪ್‌ಟಾಪ್ ಮುಚ್ಚಿ ಎದೆಗವಚಿಕೊಂಡಳು. "ನಮ್ಮಣ್ಣಗ ಯಾವ ಸೈರನ್ನೂ ಇರಲಿಲ್ರಿ. ಅದಕ್ಕ ಅಂವ ನೀರು ಏರ್ತೈತೇನಂತ ದಂಡಿ ನೋಡ್ಕೊಂತನ ಹೋಗ್ತಿದ್ದ. ಸುಳ್ಳು ಸೈರನ್ ಇದ್ರ ಮಂದಿ ದಂಡಿನೂ ನೋಡಂಗಿಲ್ಲ."

ಸಾಹೇಬರು ಅಜ್ಜನ ಕಡೆ ತಿರುಗಿದರು. "ಉದ್ಘಾಟನೆಯ ಕಾರ್ಡು ಹಂಚಿ ಆಗಿದೆ ಸ್ವಾಮೀಜಿ. ತಾರೀಖು ತಪ್ಪೋ ಹಾಗಿಲ್ಲ. ನೀವಾದರೂ ಈಕೆಗೆ ಹೇಳಿ."

ಅಜ್ಜ ಎದ್ದು, ಹೋಗಿ ಶಿಷ್ಯೆಯ ಪಕ್ಕದಲ್ಲಿ ನಿಂತರು.

"ಹೊಳಿಗೂ ಒಂದು ಕಾರ್ಡು ಕೊಟ್ಟು ಬರ್ರಿ ಸಾಹೇಬ್ರ. ನಿಮ್ಮ ತಾರೀಖಿಗೆ ಅದು ಒಪ್ಪಿದ್ರ, ಆಮ್ಯಾಲ ಈಕಿಗೆ ಹೇಳ್ತೀನಿ."