ಮರುಳಯ್ಯ ಐಗಳು ಕೈ ಮುಗಿದದ್ದು ಯಾರಿಗೆ

ಬಹಳ ಹಿಂದಿನ ಮಾತು, ನಮ್ಮಜ್ಜನ ಅಜ್ಜನೂ ಕೇಳಿಯೇ ತಿಳಿದದ್ದು. ಹಾಲಗುಂದಿ ಅನ್ನೋ ಒಂದೂರಿನಲ್ಲಿ ಈಶ್ವರನ ಗುಡಿಯ ಪಡಸಾಲೆಯೇ ಮಕ್ಕಳ ಸಾಲೆ. ಅಲ್ಲಿಗೆ ಓದಿಸಲು ಮರುಳಯ್ಯ ಐಗಳು ಬಂದರಂತೆ. ಹಣೆತುಂಬ ವಿಭೂತಿ, ಬಾಯಿತುಂಬ ಶಿವನಾಮ.

ಆ ಸಾಲೆಯಲ್ಲಿ ಜಾಣರು ಮುಂದೆ, ದಡ್ಡರು ಹಿಂದೆ. ಎಲ್ಲರಿಗಿಂತ ಹಿಂದೆ, ಚಪ್ಪಲಿ ಬಿಡುವ ಬಾಗಿಲಲ್ಲಿ, ತಿರಕಪ್ಪ ಅನ್ನೋ ಹುಡುಗ. ಆ ಹೆಸರು ಅವನಿಗೇ ಮರೆತಿತ್ತು. ‘ಮಬ್ಬ’ ಅಂದರೆ ಓ ಅನ್ನುತ್ತಿದ್ದನಂತೆ. ಮರಳಲ್ಲಿ ಅಕ್ಷರ ತಿದ್ದು ಅಂದರೆ, “ನನಗ್ಯಾಕ್ರೀ, ಮರಳು ಹಾಳು” ಅನ್ನುತ್ತಿದ್ದನಂತೆ.

ಐಗಳದೊಂದು ನೇಮ. ಪಾಠಕ್ಕೆ ಮೊದಲು ಒಂದೊಂದೇ ಮಗುವಿನ ಮುಂದೆ ನಿಂತು ಕಣ್ಣು ಮುಚ್ಚಿ ಕೈ ಮುಗಿಯುವುದು. ಮಗುವಿನೊಳಗೆ ಶಿವನಿದ್ದಾನೆ ಅನ್ನೋದು ಅವರಿಗೆ ಉಸಿರಿನಷ್ಟು ಸಹಜ. ಅದನ್ನು ಬಿಡಿಸಿ ಹೇಳಬೇಕು ಅಂತಲೇ ಹೊಳೆಯಲಿಲ್ಲ. ಮೊದಲ ದಿನ ಮುಂದಿನ ಸಾಲಿನವರು ತಮಗೆ ಬರಬೇಕಾದದ್ದೇ ಬಂತು ಅಂತ ಗತ್ತಿನಿಂದ ಕೂತರು. ತಿರಕಪ್ಪನೋ, ಕೈ ಮುಗಿದದ್ದು ಯಾರಿಗೆ ಅಂತ ಹಿಂದೆ ತಿರುಗಿ ನೋಡಿದ. ಬಾಗಿಲಾಚೆ, ಗೂಟಕ್ಕೆ ಕಟ್ಟಿದ ಪಕ್ಕದ ಮನೆ ನೀಲವ್ವನ ಎಮ್ಮೆ ಮೆಲುಕು ಹಾಕುತ್ತಾ ನಿಂತಿತ್ತು. ಹುಡುಗ ಭಕ್ತಿಯಿಂದ ಪಕ್ಕಕ್ಕೆ ಸರಿದು ದಾರಿ ಬಿಟ್ಟ.

ಕಂಡದ್ದನ್ನು ಹುಡುಗ ಜೊತೆಯವರಿಗೆ ಹೇಳಿದ. ಸಂಜೆಗೆ ಊರೆಲ್ಲ ಸುದ್ದಿ: ಐಗಳು ನೀಲವ್ವನ ಎಮ್ಮೆಗೆ ಕೈ ಮುಗಿತಾರೆ! ಮರುದಿನ ಎಮ್ಮೆಗೆ ಕುಂಕುಮ, ಹೂವಿನ ಸರ, ಕೊಂಬಿಗೆ ಎರಡು ಬಾಳೆಹಣ್ಣು. ನೀಲವ್ವ ಹಾಲು ಕರೆಯುವ ಚರಿಗೆ ಮೂಲೆಗಿಟ್ಟು, “ದೇವರನ್ನ ಹಿಂಡೋದು ಹ್ಯಾಂಗ?” ಅಂದಳಂತೆ. ಅವಳ ಗಂಡ ಬಾಳಪ್ಪ ಮಜ್ಜಿಗೆ ಇಲ್ಲದೆ ಎರಡು ಹೊತ್ತು ಒಣರೊಟ್ಟಿ ತಿಂದ. ಮೂರನೇ ಹೊತ್ತಿಗೆ ಸಾಲೆಗೇ ಬಂದ.

“ಐಗಳೇ, ನಮ್ಮೆಮ್ಮೆ ದೇವರೋ ಅಲ್ಲೋ, ಒಂದು ಹೇಳಿಬಿಡ್ರಿ!”

ಐಗಳು ಬೆಪ್ಪಾದರು. ವಿಚಾರಿಸಿದರೆ ಎಲ್ಲರ ಬೆರಳೂ ಬಾಗಿಲ ಕಡೆಗೆ. ಈ ಮಬ್ಬನನ್ನ ಸಾಲೆ ಬಿಡಿಸ್ರಿ ಅಂತ ಬಾಳಪ್ಪ ಕೂಗಾಡಿದ. ತಿರಕಪ್ಪ ಆಗಲೇ ಚಪ್ಪಲಿ ಮೆಟ್ಟಿದ್ದನಂತೆ.

“ಯಾಕಪ್ಪ ಹಂಗ ಅಂದಿ?” ಐಗಳು ಕೇಳಿದರು.

“ನನ್ನ ಹಿಂದ ಅದೊಂದಽ ಇತ್ರೀ. ನನಗಂತೂ ಮಾಡಿರಲಿಕ್ಕಿಲ್ಲ ಅಂದ್ಕೊಂಡೆ.”

ಇಡೀ ಪಡಸಾಲೆ ಬಿದ್ದು ಬಿದ್ದು ನಕ್ಕಿತು. ಐಗಳು ನಗಲಿಲ್ಲ. ಎದ್ದು ಬಂದು, ಹುಡುಗನನ್ನು ಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸಿ, ಈ ಸಲ ಕಣ್ಣು ತೆರೆದೇ ಕೈ ಮುಗಿದರು.

ತಿರಕಪ್ಪ ಹಿಂದೆ ತಿರುಗಿದ. ಗೋಡೆ. “ಗ್ವಾಡಿಗೇನ್ರೀ?”

“ಅಲ್ಲೋ ನಮ್ಮಪ್ಪ, ನಿನಗ. ತಿರಕಪ್ಪನ ಒಳಗಿರೋ ಶಿವಗ.”

ತನ್ನ ಹೆಸರು ಕೇಳಿ ಹುಡುಗನ ಕಣ್ಣು ತುಂಬಿತಂತೆ. ಚಪ್ಪಲಿ ಬಿಟ್ಟ. ಮರಳಿನ ಮುಂದೆ ಕೂತು, ಸೊಟ್ಟಗಾದರೂ ಸರಿ, ‘ತಿ’ ಅಂತ ಬರೆದ. ಬಾಳಪ್ಪನೂ ಮಜ್ಜಿಗೆ ಮರೆತು ಬಗ್ಗಿ ನೋಡಿದನಂತೆ.

ಮುಂದೆ ಅವನು ದೊಡ್ಡ ಪಂಡಿತನಾದ ಅನ್ನುವವರಿದ್ದಾರೆ, ಚೆನ್ನಾಗಿ ಬೇಸಾಯ ಮಾಡಿದ ಅನ್ನುವವರೂ ಇದ್ದಾರೆ. ಶಿವನಿಗೆ ಗೊತ್ತು. ಹಾಲಗುಂದಿಯಲ್ಲಿ ಮಾತ್ರ ಇವತ್ತಿಗೂ, ಸಾಲೆ ಶುರುವಾಗುವ ದಿನ ಮಾಸ್ತರರು ಮಕ್ಕಳಿಗೆ ಕೈ ಮುಗಿಯುತ್ತಾರೆ. ಶುರು ಮಾಡುವುದು ಎಲ್ಲರಿಗಿಂತ ಹಿಂದೆ ಕೂತ ಮಗುವಿನಿಂದ, ಅದರ ಪೂರ್ತಿ ಹೆಸರು ಹಿಡಿದು ಕರೆದು.