ಬ್ಯಾಟರಿ ಇಳಿಸಿದ ಕಾರು

ಒಂದು ರೇಸ್ ಕಾರಿಗೆ ತನ್ನ ಹಳೇ ಬ್ಯಾಟರಿ ಭಾರವೆನಿಸಿತು. "ಇಳಿಯಮ್ಮಾ, ನಿನ್ನ ಹೊತ್ತುಕೊಂಡು ಗೆಲ್ಲೋಕಾಗಲ್ಲ" ಅಂತು.

"ಇಳೀತೀನಿ ಮಾರಾಯ. ನಿನ್ನ ಡ್ರೈವರು ತಿಂದಿರೋ ಇಡ್ಲಿ ನನಗಿಂತ ಭಾರ, ಅವನನ್ನೂ ಇಳಿಸು" ಅಂದು ಬ್ಯಾಟರಿ ಇಳಿಯಿತು. ಅಂಗೈಯಗಲದ ಹೊಸ ಬ್ಯಾಟರಿ ಬಂದು ಕೂತಿತು.

ಕಾರು ಕುಣಿಯುತ್ತ ಹೋಗಿ ತಪಾಸಣೆಯ ತಕ್ಕಡಿ ಹತ್ತಿತು.

ತಕ್ಕಡಿ ಗದರಿತು: "ನಿಲ್ಲಯ್ಯ! ನಿಯಮದಲ್ಲಿ ಹೇಳಿದ್ದಕ್ಕಿಂತ ಹಗುರಾಗಿದ್ದೀಯ. ತೂಕ ತುಂಬಿಸಿಕೊಂಡು ಬಾ, ಇಲ್ಲದಿದ್ದರೆ ರೇಸಿಲ್ಲ."

ಮೆಕ್ಯಾನಿಕ್ಕು ಓಡಿಹೋಗಿ ಸೀಸದ ಗಟ್ಟಿಯೊಂದನ್ನು ತಂದ. ಹೊಸ ಬ್ಯಾಟರಿಯ ಪಕ್ಕ, ಹಳೇದು ಬಿಟ್ಟುಹೋದ ಜಾಗದಲ್ಲೇ ಬಿಗಿದ. ತೂಕ ಮೊದಲಿನಷ್ಟೇ ಆಯಿತು. ತಕ್ಕಡಿ ಒಪ್ಪಿತು.

ರೇಸಿಗೆ ಹೊರಟ ಕಾರು, "ನೀನೇನು ಕೆಲಸ ಮಾಡ್ತೀಯಪ್ಪ?" ಅಂತ ಸೀಸವನ್ನು ಕೇಳಿತು.

"ಏನೂ ಇಲ್ಲ" ಅಂತು ಸೀಸ. "ಭಾರವಾಗಿ ಕೂತಿರ್ತೀನಿ."