ಸಪ್ಪೆ ಬಾವಿಯ ಉಪ್ಪು

ಬೆಣಚಗಡದ ಕೋಟೆಯೊಳಗೆ, ಉತ್ತರದ ಗೋಡೆಗೆ ಒರಗಿಕೊಂಡಂತೆ ಒಂದು ಮೆಟ್ಟಿಲು ಬಾವಿ ಇದೆ. ಅದಕ್ಕೆ ಸಪ್ಪೆ ಬಾವಿ ಎಂದು ಹೆಸರು. ನೀರು ಮಾತ್ರ ಉಪ್ಪು. ಬೇಸಿಗೆಯಲ್ಲಿ ನೀರು ಕೆಳಗಿಳಿದಾಗ ಮೆಟ್ಟಿಲುಗಳ ಮೇಲೆ ಬೆಳ್ಳಗೆ ಪೊರೆ ಕಟ್ಟುತ್ತದೆ, ಅದನ್ನು ನೆಕ್ಕಲು ಊರ ಆಡುಗಳೆಲ್ಲ ಬಂದು ನಿಲ್ಲುತ್ತವೆ. ಬಾವಿಯ ತಲೆಯ ಮೇಲೆ ಗಡಿಗೆ ಹಿಡಿದ ಒಬ್ಬ ಹೆಂಗಸಿನ ಕಲ್ಲಿದೆ. ಮೂಗು ಬಾಯಿ ಸವೆದು ಹೋಗಿವೆ. ಈಚೆಗೆ ಕೆಲವು ವರ್ಷಗಳಿಂದ ಭಾನುವಾರ ಬೆಳಿಗ್ಗೆ ಪಟ್ಟಣದವರು ಟೋಪಿ ಹಾಕಿಕೊಂಡು ಇಲ್ಲಿಗೆ ಬರುತ್ತಾರೆ. ಇದಕ್ಕೆ ಗಡದ ನಡಿಗೆ ಎನ್ನುತ್ತಾರೆ. ಅಗಸಿ ಬಾಗಿಲ ಬಳಿ ಸುಸಲ ಮತ್ತು ಭಜಿ, ಬಿದ್ದುಹೋದ ಆನೆಲಾಯದ ಬಳಿ ಶೇಂಗಾ ಹೋಳಿಗೆ, ನೇಕಾರರ ಓಣಿಯಲ್ಲಿ ಮಾದಲಿ; ಒಂದೊಂದು ತಿನಿಸಿಗೆ ಒಂದೊಂದು ಕತೆ. ಕೋಟೆ ಕಟ್ಟಿದ ವರ್ಷವನ್ನು ತಪ್ಪು ಹೇಳಿದರೂ ಭಜಿ ಬಿಸಿಯಾಗಿದ್ದರೆ ಯಾರೂ ತಕರಾರು ಮಾಡುವುದಿಲ್ಲ. ನಡಿಗೆ ಮುಗಿಯುವುದು ಈ ಬಾವಿಯ ಹತ್ತಿರ. ಅಲ್ಲಿ ಅವರಿಗೆ ಕೊನೆಯ ತುತ್ತು ಕೊಡುವುದು ನನ್ನ ಕೆಲಸ.

ಅವರನ್ನು ಕರೆದುಕೊಂಡು ಬರುವ ವೀರೇಶ ಪತ್ತಾರ ಒಳ್ಳೆಯ ಮಾತುಗಾರ. ಸೊಸೆಯೊಬ್ಬಳು ಸಾರಿಗೆ ಉಪ್ಪು ಹಾಕಲು ಮರೆತಳಂತೆ, ಅತ್ತೆ ಸಿಟ್ಟಿನಿಂದ ಉಪ್ಪಿನ ಮೂಟೆಯನ್ನೇ ಬಾವಿಗೆ ಎಸೆದಳಂತೆ ಎಂದು ಅವನು ಹೇಳುತ್ತಾನೆ. ಬಂದವರು ನಗುತ್ತಾರೆ. ಅತ್ತೆ ಸೊಸೆ ಎಂದರೆ ಜನಕ್ಕೆ ನಗು ಬಂದೇ ಬರುತ್ತದೆ, ನಕ್ಕವರು ಇನ್ನೊಬ್ಬರನ್ನು ಕರೆತರುತ್ತಾರೆ ಎಂಬುದು ಅವನ ಲೆಕ್ಕ. ಆದರೆ ಊರಿನ ಹಳಬರ ಬಾಯಲ್ಲಿರುವ ಕತೆ ಬೇರೆ. ನನಗೆ ಅದನ್ನು ಹೇಳಿದವಳು ನಮ್ಮ ಅತ್ತೆಯ ತಾಯಿ ನೀಲಮ್ಮಜ್ಜಿ. ನಾನು ಬಾಣಂತಿಯಾಗಿದ್ದಾಗ ಸಪ್ಪೆ ಬೇಳೆಯ ತಟ್ಟೆಯನ್ನು ದೂಡಿ, "ಇದನ್ನ ನಾಯಿನೂ ಮೂಸಂಗಿಲ್ಲ" ಎಂದಿದ್ದೆ. ಅಜ್ಜಿ ತಟ್ಟೆಯನ್ನು ಮತ್ತೆ ನನ್ನ ಮುಂದಕ್ಕೆ ಸರಿಸಿ, "ಮೊದಲು ಉಣ್ಣು. ಈ ಬೇಳಿ ಒಂದು ಊರು ತಿಂದೈತಿ" ಎಂದು ಶುರುಮಾಡಿದಳು.

ಹಿಂದೆ ಒಮ್ಮೆ ಬೆಣಚಗಡ ದೊಡ್ಡ ಪೇಟೆಯಾಗಿತ್ತು ಎನ್ನುತ್ತಾರೆ. ಆಗಲೂ ಇಲ್ಲಿ ನಡಿಗೆ ಇತ್ತು. ಅದನ್ನು ಊರುಣಿಸುವುದು ಎಂದು ಕರೆಯುತ್ತಿದ್ದರು. ಪರಸ್ಥಳದವರು ಯಾರೇ ಬರಲಿ, ಊರಿನ ಒಬ್ಬಳು ಹೆಂಗಸು ಅವರನ್ನು ಅಗಸಿಯಿಂದ ಕರೆದುಕೊಂಡು ಬೀದಿ ಬೀದಿ ತಿರುಗಿಸಿ, ಇದು ಇಂಥವರು ಕಟ್ಟಿಸಿದ್ದು, ಇಲ್ಲಿ ಇಂಥದು ನಡೆಯಿತು ಎಂದು ತಿಳಿಸುತ್ತ, ಪ್ರತಿ ಓಣಿಯಲ್ಲಿ ಆ ಓಣಿಯ ತಿನಿಸು ಕೊಡಿಸಬೇಕು. ಅಗಸಿಯಲ್ಲಿ ಬೆಲ್ಲದ ನೀರು, ಗಾಣಿಗರಲ್ಲಿ ಎಳ್ಳುಂಡೆ, ನೇಕಾರರಲ್ಲಿ ಮಾದಲಿ, ಕೊನೆಗೆ ಅವಳ ಮನೆಯಲ್ಲಿ ಕೂಡಿಸಿ ರೊಟ್ಟಿ ಬೇಳೆ. ಊರಿನ ಉಪ್ಪು ನಾಲಿಗೆಗೆ ಬಿದ್ದವನು ಆ ಊರಿಗೆ ಎರಡು ಬಗೆಯುವುದಿಲ್ಲ ಎಂಬುದು ನಂಬಿಕೆ. ಬೇರೆ ಊರುಗಳು ಬಾಗಿಲಿಗೆ ಕಾವಲಿಟ್ಟರೆ ನಮ್ಮವರು ಬಾಗಿಲಿಗೆ ಗಡಿಗೆ ಇಟ್ಟಿದ್ದರು. ಉಂಡವನಿಗೆ ಏನು ತೋರಿಸಿದರೂ ಭಯವಿಲ್ಲ ಎಂದುಕೊಂಡಿದ್ದರು. ಬುದ್ಧಿ ಇಲ್ಲದ ಜನ ಎಂದು ಈಗ ಸುಲಭವಾಗಿ ಹೇಳಬಹುದು. ಆದರೆ ಎಷ್ಟೋ ತಲೆಮಾರು ಆ ನಂಬಿಕೆ ಊರನ್ನು ಕಾಯ್ದಿತ್ತು ಎಂಬುದೂ ನಿಜ.

ಆ ಕಾಲದಲ್ಲಿ ಊರುಣಿಸುವ ಕೆಲಸ ಮಾಳವ್ವ ಎಂಬವಳದು. ಗಂಡ ತೀರಿಕೊಂಡಿದ್ದ. ಒಬ್ಬಳೇ ಮಗಳು ಹೊನ್ನವ್ವ ಚೊಚ್ಚಲ ಬಾಣಂತಿಯಾಗಿ ತವರಲ್ಲಿದ್ದಳು. ಮಾಳವ್ವ ಕತೆ ಹೇಳಿದರೆ ಗೋಡೆಯ ಕಲ್ಲು ತಿರುಗಿ ನೋಡುತ್ತಿತ್ತಂತೆ. ಅದಕ್ಕಿಂತ ಹೆಚ್ಚಿನ ಹೆಸರು ಅವಳ ಬೇಳೆಗೆ. ಗಡದ ಉಳಿದ ಬಾವಿಗಳ ನೀರು ಗಡಸು, ಬೇಳೆ ಹಾಕಿದರೆ ಸಂಜೆಯತನಕ ಕುದಿದರೂ ಕಾಳು ಕಾಳಾಗಿಯೇ ಉಳಿಯುತ್ತಿತ್ತು. ಈ ಉತ್ತರದ ಬಾವಿಯ ನೀರು ಮಾತ್ರ ಎಳನೀರಿನಂತೆ ಇತ್ತು. ಎಂಥ ಬೇಸಿಗೆಯಲ್ಲೂ ಬತ್ತುತ್ತಿರಲಿಲ್ಲ. ಅದರ ಸೆಲೆ ಇದ್ದದ್ದು ಕೋಟೆಯ ಹೊರಗೆ, ಗುಡ್ಡದ ಮಡಿಕೆಯಲ್ಲಿ. ಮೇಲೆ ಬಂಡೆ ಮುಚ್ಚಿ, ಮುಳ್ಳು ಬೆಳೆಸಿ, ಕಲ್ಲಿನ ಕಾಲುವೆಯಲ್ಲಿ ನೀರನ್ನು ಗೋಡೆಯ ಅಡಿಯಿಂದ ಒಳಗೆ ತಂದಿದ್ದರು. ಆ ಕಾಲುವೆಯ ಹೂಳು ತೆಗೆಯುವುದು ಮಾಳವ್ವನ ಗಂಡನ ಮನೆತನದ ಕೆಲಸ. ಹೀಗಾಗಿ ಸೆಲೆಯ ಜಾಗ ಅವಳಿಗೆ ಗೊತ್ತಿತ್ತು.

ಶಿವರಾತ್ರಿ ಕಳೆದು ಬಿಸಿಲು ಏರುವ ಹೊತ್ತಿಗೆ ಎತ್ತುಗಳ ಮೇಲೆ ಉಪ್ಪು ಹೇರಿಕೊಂಡು ಒಬ್ಬ ಸಾಹುಕಾರ ಬಂದ. ಅವನ ನಿಜವಾದ ಹೆಸರನ್ನು ನಮ್ಮೂರಲ್ಲಿ ಇಂದಿಗೂ ಯಾರೂ ಹೇಳುವುದಿಲ್ಲ, ನಾನೂ ಹೇಳುವುದಿಲ್ಲ. ಮಾಳವ್ವ ವಾಡಿಕೆಯಂತೆ ಅವನನ್ನೂ ಅವನ ಆಳುಗಳನ್ನೂ ಊರು ತಿರುಗಿಸಿದಳು. ಬೆಲ್ಲದ ನೀರು ಕುಡಿದ, ಎಳ್ಳುಂಡೆ ತಿಂದ, ಮಾದಲಿ ತಿಂದ, ಎಲ್ಲ ಸಿಹಿ. ಅವಳ ಮನೆಯಲ್ಲಿ ಆಳುಗಳು ಊಟಕ್ಕೆ ಕೂತರು, ಅವನು ಮಾತ್ರ ಕೈ ತೊಳೆಯಲಿಲ್ಲ.

"ಯಾಕಪಾ, ನಮ್ಮ ರೊಟ್ಟಿ ನಿನ್ನ ಗಂಟಲದಾಗ ಇಳಿಯಾಂಗಿಲ್ಲೇನು?" ಎಂದಳು ಮಾಳವ್ವ.

"ಹರಕಿ ಐತವ್ವಾ. ವರ್ಷ ತುಂಬೂತನಕ ಉಪ್ಪು ಮುಟ್ಟಂಗಿಲ್ಲ."

"ಚಲೋ ಆತು! ಉಪ್ಪು ಮಾರಾಂವ ಉಪ್ಪು ತಿನ್ನಂಗಿಲ್ಲಂತ. ಎಣ್ಣಿ ಮಾರಾಂವ ತಲಿ ಒಣಗಿಸ್ಕೊಂಡಂಗಾತು." ಅವನೂ ನಕ್ಕ. ಅವಳಿಗೆ ಪಾಪ ಎನಿಸಿತು. "ಉಪವಾಸ ಕಳಸಾಕಿ ಅಲ್ಲ ನಾನು. ಮನ್ಯಾಗ ಬಾಣಂತಿ ಅದಾಳ, ಸಪ್ಪನ್ ಬೇಳಿ ಒಲಿ ಮ್ಯಾಲೇ ಐತಿ" ಎಂದು ಮಗಳಿಗೆ ಬೇಯಿಸಿದ್ದರಲ್ಲಿ ಅರ್ಧ ತೆಗೆದು, ಮೇಲೆ ತುಪ್ಪ ಸುರಿದು ಬಡಿಸಿದಳು. ಒಳಗಿನಿಂದ ಹೊನ್ನವ್ವ, "ನನ್ನ ಪಾಲಿಂದನೂ ಹಂಚತಿ ಏನಬೇ?" ಎಂದು ಕೂಗಿದಳಂತೆ. "ಸುಮ್ನಿರು, ಕೂಸಿಗೆ ಪುಣ್ಯ ಬರತೈತಿ" ಎಂದು ತಾಯಿ ಗದರಿದಳು.

ಸಾಹುಕಾರ ಬೆರಳು ನೆಕ್ಕಿಕೊಂಡು ಉಂಡ. ಇಷ್ಟು ದೇಶ ತಿರುಗಿದ್ದೇನೆ, ಉಪ್ಪಿಲ್ಲದೆಯೂ ರುಚಿ ಇರುವ ಬೇಳೆಯನ್ನು ಕಂಡಿಲ್ಲ, ನಿನ್ನ ಕೈ ದೊಡ್ಡದು ಎಂದ. ಮಾಳವ್ವ, ಕೈಯದೇನಿಲ್ಲ, ನೀರಿನ ಗುಣ ಎಂದಳು. ಗುಡ್ಡದ ಮೇಲೆ ಇಂಥ ನೀರು ಎಲ್ಲಿಂದ ಬರಬೇಕು, ಸುಳ್ಳು ಹೇಳಬೇಡ ಎಂದು ಅವನು ನಕ್ಕ. ಅಡುಗೆ ಮಾಡುವ ಹೆಂಗಸಿಗೆ ಸುಳ್ಳುಗಾತಿ ಎಂದರೆ ಏನಾಗುತ್ತದೆ ಎಂಬುದು ಒಲೆಯ ಮುಂದೆ ಕೂತವರಿಗೆ ಮಾತ್ರ ಗೊತ್ತು. ಬೇಳೆ ಚೆನ್ನಾಗಿದೆ ಎಂದು ಗಂಡ ಸತ್ತ ಮೇಲೆ ಅವಳಿಗೆ ಹೇಳಿದವರು ಯಾರೂ ಇರಲಿಲ್ಲವೋ ಏನೋ. ಅವಳು ಸೆರಗು ಸಿಕ್ಕಿಸಿಕೊಂಡು ಎದ್ದಳು. ಅಗಸಿ ದಾಟಿ, ಗುಡ್ಡದ ಮಡಿಕೆಗೆ ಅವನನ್ನು ಕರೆದುಕೊಂಡು ಹೋಗಿ, ಮುಳ್ಳು ಸರಿಸಿ, ಬಂಡೆಯ ಸಂದಿಯಿಂದ ಸೆಲೆಯನ್ನು ತೋರಿಸಿದಳು. ಉಂಡವನಲ್ಲವೇ ಎಂಬ ಧೈರ್ಯ. ಉಪ್ಪು ತಿಂದಿಲ್ಲ ಎಂಬುದು ಅವಳ ತಲೆಗೆ ಹೊಳೆಯಲೇ ಇಲ್ಲ, ಉಪ್ಪು ಹಾಕದೆ ಬಡಿಸಿದ್ದು ತಾನೇ ಆದರೂ.

ಹೋಳಿ ಹುಣ್ಣಿಮೆಗೆ ಮೊದಲೇ ದಂಡು ಬಂದು ಗುಡ್ಡವನ್ನು ಸುತ್ತಿತು. ದಂಡಿನ ಮುಂದೆ ಇದ್ದವನು ಸಾಹುಕಾರನೇ, ಉಪ್ಪಿನ ವ್ಯಾಪಾರ ಬರೀ ವೇಷ. ಅವತ್ತು ಉಪ್ಪು ಹಾಕಿದ ಅನ್ನ ಉಂಡಿದ್ದ ಆಳುಗಳಲ್ಲಿ ಒಬ್ಬನನ್ನೂ ಅವನು ಜೊತೆಗೆ ತಂದಿರಲಿಲ್ಲವಂತೆ, ಅಂಥ ನೇಮಸ್ಥ! ಬಾಣ ಬಿಡಲಿಲ್ಲ, ಏಣಿ ಹಾಕಲಿಲ್ಲ. ಎತ್ತುಗಳ ಮೇಲಿದ್ದ ಹೇರುಗಳನ್ನು ಸೆಲೆಯ ಬಾಯಿಗೆ ತಂದು, ಉಪ್ಪನ್ನು ಸುರಿಸಿ, ಸುರಿಸಿ, ಬಂಡೆ ಮುಚ್ಚಿ ಕುಳಿತ. ಒಳಗೆ ಮೊದಲ ಕೊಡ ಎತ್ತಿದವಳು ಉಗುಳಿದಳು. ಆಮೇಲೆ ಎಲ್ಲರೂ ಉಗುಳಿದರು, ಆಮೇಲೆ ಉಗುಳಲೂ ಬಾಯಲ್ಲಿ ಪಸೆ ಉಳಿಯಲಿಲ್ಲ. ಉಳಿದ ಬಾವಿಗಳು ಆ ಬಿಸಿಲಿಗೆ ಆಗಲೇ ಬತ್ತಿದ್ದವು. ಹೊನ್ನವ್ವನ ಎದೆಯ ಹಾಲು ಇಂಗಿತು. ಮಾಳವ್ವ ಬಟ್ಟೆಯನ್ನು ಬೆಳಗಿನ ಮಂಜಿಗೆ ಹಾಸಿ, ಹಿಂಡಿ, ಬಂದ ಹನಿಯನ್ನು ಕೂಸಿನ ತುಟಿಗೆ ಒರೆಸಿದಳು. ಬಿಸಿಲುಗಾಲದ ಮಂಜು ಎಷ್ಟು ಬಂದೀತು? ಕೂಸು ಅಳುವುದನ್ನು ನಿಲ್ಲಿಸಿದ ದಿನ ಹೊನ್ನವ್ವ ತಾಯಿಯ ಮುಖ ನೋಡಿ ಒಂದೇ ಮಾತು ಕೇಳಿದಳು ಎನ್ನುತ್ತಾರೆ: "ಪುಣ್ಯ ಬರತೈತಿ ಅಂದಿದ್ದಿ?" ಆಮೇಲೆ ಅವಳೂ ಹೆಚ್ಚು ದಿನ ಇರಲಿಲ್ಲ.

ಅಗಸಿ ತೆರೆಯಿತು. ಊರ ಹಿರಿಯರು ಒಣಗಿದ ನಾಲಿಗೆಯಲ್ಲಿ, ಉಂಡ ಮನೆಗೆ ಹೀಗೆ ಮಾಡಬಹುದೇ ಎಂದು ಕೇಳಿದರು. ಸಾಹುಕಾರ ಕುದುರೆಯಿಂದ ಇಳಿಯಲೂ ಇಲ್ಲ. "ಉಂಡದ್ದು ಖರೆ. ನಿಮ್ಮ ಉಪ್ಪು ಮುಟ್ಟಿಲ್ಲ. ಬಡಿಸಿದಾಕಿ ಅಲ್ಲೇ ನಿಂತಾಳ, ಕೇಳ್ರಿ" ಎಂದ. ಊರಿಗೆ ಊರೇ ಮಾಳವ್ವನತ್ತ ತಿರುಗಿತು. ಕಲ್ಲು ಹೊಡೆಯಲಿಲ್ಲ, ಬಯ್ಯಲಿಲ್ಲ. ನೋಡಿದರು, ಅಷ್ಟೇ.

ಮಳೆ ಬಂದ ಮೇಲೆ ಬಾವಿಯ ಉಪ್ಪು ಸ್ವಲ್ಪ ತೆಳುವಾಯಿತು, ಹೋಗಲಿಲ್ಲ. ಉಳಿದ ಬಾವಿಗಳ ನೀರು ಊರಿಗೆ ಸಾಲದೆ ಜನ ಅದನ್ನೇ ಕುಡಿದರು. ಇದರಿಂದ ಇನ್ನೊಂದು ಕೇಡು ಹುಟ್ಟಿತು. ಸಾಹುಕಾರನ ಕಂದಾಯ ಏರಿದಾಗ, ಅವನ ಆಳುಗಳು ಮನೆ ಹೊಕ್ಕಾಗ, ಎದ್ದು ನಿಲ್ಲೋಣ ಎಂದು ಯಾರಾದರೂ ಅಂದರೆ ಹಿರಿಯರು ತಲೆ ತಗ್ಗಿಸುತ್ತಿದ್ದರು. ಅವನು ನಮ್ಮ ಉಪ್ಪು ತಿಂದಿಲ್ಲ, ನಾವು ದಿನಾ ಅವನ ಉಪ್ಪು ತಿನ್ನುತ್ತಿದ್ದೇವೆ, ಎರಡು ಬಗೆಯುವುದು ಹೇಗೆ ಎನ್ನುತ್ತಿದ್ದರು. ನೇಮ ಇಟ್ಟುಕೊಂಡವರನ್ನು ಅವರ ನೇಮದಿಂದಲೇ ಕಟ್ಟಿಹಾಕುವುದು ಎಷ್ಟು ಸುಲಭ! ಮಾಳವ್ವ ಒಬ್ಬಳು ಆ ನೀರು ಮುಟ್ಟಲಿಲ್ಲ. ಬಂಡೆಯ ಕುಳಿಗಳಲ್ಲಿ ನಿಂತ ಮಳೆನೀರನ್ನು ಗಡಿಗೆಗಳಿಗೆ ತುಂಬಿಟ್ಟು ಅದರಲ್ಲೇ ಬದುಕಿದಳು, ಉಪ್ಪನ್ನು ಪೂರ್ತಿ ಬಿಟ್ಟಳು. ಸಪ್ಪೆ ಮಾಳವ್ವ ಎಂದು ಮಕ್ಕಳು ಹಿಂದೆ ಹಿಂದೆ ಕೂಗುತ್ತಿದ್ದರಂತೆ. ಅವಳು ಬಾವಿಯ ತಲೆಯಲ್ಲಿ ಕೂತೇ ಇರುತ್ತಿದ್ದಳು.

ಎಷ್ಟೋ ವರ್ಷಗಳ ಮೇಲೆ, ತಲೆ ನೆರೆತ ಸಾಹುಕಾರ ತನ್ನ ಬೀಗರನ್ನು ಕರೆದುಕೊಂಡು ಗಡಕ್ಕೆ ಬಂದ. ಊರು ತೋರಿಸುವವಳು ಇನ್ನೂ ಬದುಕಿದ್ದಾಳೆಂದು ತಿಳಿದು ಅವಳನ್ನೇ ಕರೆಸಿದ. ಅವಳು ಬಂದಳು. ಮೊದಲಿನಂತೆಯೇ ಅಗಸಿಯಿಂದ ಶುರುಮಾಡಿದಳು. ಇಲ್ಲಿ ಬೆಲ್ಲದ ನೀರು ಕೊಡುತ್ತಿದ್ದರು, ಕೊಡುತ್ತಿದ್ದ ಮನೆ ಅಗೋ ಅಲ್ಲಿ ಬಿದ್ದಿದೆ ಎಂದಳು. ಗಾಣಿಗರ ಓಣಿಯಲ್ಲಿ ಎಳ್ಳುಂಡೆಯ ಹದ ವಿವರಿಸಿದಳು, ಉಂಡೆ ಇರಲಿಲ್ಲ. ನೇಕಾರರ ಓಣಿಯಲ್ಲಿ ಮಾದಲಿಗೆ ಯಾಲಕ್ಕಿ ಎಷ್ಟು ಎಂದು ಹೇಳಿದಳು, ಕೇಳಲು ಓಣಿಯಲ್ಲಿ ಯಾರೂ ಇರಲಿಲ್ಲ. ಬೀಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಬಾವಿಯ ಬಳಿ ಎಲ್ಲರನ್ನೂ ಕೂಡಿಸಿ, ಅಲ್ಲೇ ಮೂರು ಕಲ್ಲಿನ ಒಲೆಯ ಮೇಲೆ ಬೇಯುತ್ತಿದ್ದ ಬೇಳೆಯನ್ನು ಸಾಹುಕಾರನ ಎಲೆಗೆ ಬಡಿಸಿದಳು. ನಿನಗಾಗಿ ಸಪ್ಪೆಯೇ ಮಾಡಿದ್ದೇನೆ ಎಂದಳು. ಕಾಳು ಬೆಂದಿರಲಿಲ್ಲ. ಅವನು ಒಂದು ತುತ್ತು ಬಾಯಿಗಿಟ್ಟು ಮುಖ ಕಿವುಚಿದ.

"ಉಪ್ಪಾತಲ್ಲಬೇ."

"ನಾ ಹಾಕಿಲ್ಲಪಾ" ಎಂದಳು ಮಾಳವ್ವ.

ಬೀಗರ ಎದುರಿಗೆ ಉಗುಳಲಾರದೆ ಅವನು ನುಂಗಿದ. ಆಮೇಲೆ ಅವನಿಗೆ ಏನಾಯಿತು ಎಂದು ನಾನೂ ಅಜ್ಜಿಯನ್ನು ಆಸೆಯಿಂದ ಕೇಳಿದೆ. ಏನೂ ಆಗಲಿಲ್ಲವಂತೆ. ಊರಿಗೆ ಹೋದ, ಇನ್ನೂ ಬಹಳ ಕಾಲ ಬಾಳಿದ, ಮೊಮ್ಮಕ್ಕಳ ಕೈಯಿಂದ ನೀರು ಕುಡಿದು ಹಾಸಿಗೆಯಲ್ಲೇ ಸತ್ತ. ಅಂಥವರು ಹಾಗೆಯೇ ಸಾಯುತ್ತಾರೆ. ಬಾವಿಯನ್ನು ತೋಡಿಸಿ ಸ್ವಚ್ಛ ಮಾಡಿಸಿ ಎಂದು ಹೇಳಿಕಳಿಸಿದನಂತೆ, ಎಷ್ಟು ತೋಡಿದರೂ ನೀರು ಉಪ್ಪಾಗಿಯೇ ಬಂತು. ಮಾಳವ್ವ ಅದೇ ಬಾವಿಯ ತಲೆಯಲ್ಲಿ ತೀರಿಕೊಂಡಳು. ಬದುಕಿದ್ದಾಗ ಅವಳ ಮುಖ ನೋಡದ ಊರು, ಸತ್ತ ಮೇಲೆ ಕಲ್ಲು ನಿಲ್ಲಿಸಿತು. ಉಪ್ಪು ನೀರಿನ ಬಾವಿಗೆ ಸಪ್ಪೆ ಮಾಳವ್ವನ ಬಾವಿ ಎಂದು ಹೆಸರಾಯಿತು, ಬಾಯಿಂದ ಬಾಯಿಗೆ ಬರುತ್ತ ಸಪ್ಪೆ ಬಾವಿಯಾಗಿ ಉಳಿಯಿತು.

ಇಂದಿಗೂ ನಮ್ಮೂರ ಬಾಣಂತಿಯರು ಆ ಕಡೆ ಹಾಯುವುದಿಲ್ಲ. ಕೂಸನ್ನು ಮೊದಲ ಸಲ ಹೊರಗೆ ಕರೆತಂದಾಗ ಮಾತ್ರ ಮಳೆನೀರನ್ನೋ ಈಗಿನ ನಲ್ಲಿಯ ನೀರನ್ನೋ ಒಂದು ತಂಬಿಗೆ ತಂದು ಆ ಕಲ್ಲಿನ ಬಾಯಿ ಇದ್ದಲ್ಲಿ ಸುರಿಯುತ್ತೇವೆ. ನನ್ನ ಮಗಳನ್ನು ಸೊಂಟದ ಮೇಲೆ ಕೂಡಿಸಿಕೊಂಡು ನಾನೂ ಸುರಿದಿದ್ದೇನೆ. ಭಾನುವಾರ ವೀರೇಶ ಅತ್ತೆ ಸೊಸೆಯ ಕತೆ ಹೇಳಿ ನಗಿಸಿದ ಮೇಲೆ ಬಂದವರು ಕಲ್ಲಿನ ಪಕ್ಕ ನಿಂತು ಪಟ ತೆಗೆಸಿಕೊಳ್ಳುತ್ತಾರೆ, ಮೆಟ್ಟಿಲ ಮೇಲಿನ ಬಿಳಿ ಪೊರೆಯನ್ನು ಉಗುರಿನಿಂದ ಕೆರೆದು ನೋಡುತ್ತಾರೆ. ನಾನು ಮುತ್ತುಗದ ದೊನ್ನೆಯಲ್ಲಿ ಒಂದು ತುತ್ತು ಬೇಳೆ ಕೊಡುತ್ತೇನೆ. ಈ ಬಾವಿಯ ನೀರಲ್ಲೇ ಬೇಯಲು ಇಟ್ಟದ್ದು, ಹೊತ್ತು ಹುಟ್ಟುವ ಮೊದಲೇ ಒಲೆ ಹಚ್ಚಿದರೂ ಗಟ್ಟಿಯಾಗಿಯೇ ಇರುತ್ತದೆ. ಪ್ರತಿ ಸಲವೂ ಗುಂಪಿನಲ್ಲಿ ಒಬ್ಬರು, "ಅಕ್ಕಾ, ಉಪ್ಪು ಸ್ವಲ್ಪ ಜಾಸ್ತಿ ಆಯ್ತು" ಎನ್ನುತ್ತಾರೆ. ನಾನು ಹಾಕಿಲ್ಲ ಎನ್ನುತ್ತೇನೆ. ಅವರು ನಗುತ್ತಾರೆ.